ಆಯಿಯ ಸ್ಟೇಟಸ್

ಜನವರಿ 6, ಸೋಮವಾರ

ಎರಡನೇ ಪಿರಿಯಡ್. ಎಂದಿನಂತೆ ಅರ್ಧ ಕ್ಲಾಸಿನ ತಲೆ ಬಗ್ಗಿತ್ತು. ಡೆಸ್ಕಿನ ಮೇಲೆ ಇತಿಹಾಸ, ಕೆಳಗೆ ರೀಲ್ಸ್. ನಾನೂ ಕಂಡೂ ಕಾಣದಂತೆ ಮುಗಿಸಿ ಬಂದೆ.

ಪ್ರಿನ್ಸಿಪಾಲ್ ಮಹಾರುದ್ರಪ್ಪ ಸರ್ ಕರೆಸಿದರು. ಹುಡುಗರಿಗೆ ಸೋಷಿಯಲ್ ಮೀಡಿಯಾ ನೆಟ್ಟಗೆ ಬಳಸೋದು ಕಲಿಸಬೇಕಂತೆ, ಒಂದು ಗಂಟೆಯ ಭಾಷಣದಲ್ಲಿ. "ನೀವ ಮಾತಾಡ್ರಿ ಆಮ್ರಪಾಲಿ ಮೇಡಂ, ನಿಮಗ ಇನ್ನಾ ವಯಸ್ಸದ." ಬೇಡದ ಕೆಲಸಕ್ಕೆಲ್ಲ ಗೆಸ್ಟ್ ಲೆಕ್ಚರರ್ ಇದ್ದೇ ಇದ್ದಾಳೆ. ಪಿಪಿಟಿ ಮಾಡಬೇಕು.

ಸಂಜೆ ತಂಗಿ ಮಯೂರಿ ಫೋನು. ಆಯಿಗೆ ಮತ್ತೆ ದಮ್ಮು ಎದ್ದಿದೆ. ಹೆತ್ತ ಅವ್ವನಲ್ಲವೇ, ಅಪ್ಪ ಗಾಬರಿಯಾಗಿ ಬಸವಕಲ್ಯಾಣದ ದವಾಖಾನೆಗೆ ಸೇರಿಸಿದ್ದಾನೆ. "ನೀ ಹುಮನಾಬಾದ್ ಬಿಟ್ಟು ಬರಬ್ಯಾಡ ಅಕ್ಕಾ, ನಾ ಇದ್ದೇನಲ್ಲ."

ಜನವರಿ 8, ಬುಧವಾರ — ಮಧ್ಯಾಹ್ನ

ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚಿ ಫೋನು ತೆಗೆದೆ. ಮಯೂರಿಯ ಸ್ಟೇಟಸ್. ಸುತ್ತ ಚೆಂಡುಹೂ, ಎರಡು ಮೇಣದಬತ್ತಿ, ನಡುವೆ ಆಯಿ. "ಭಾವಪೂರ್ಣ ಶ್ರದ್ಧಾಂಜಲಿ."

ಬಾಯಲ್ಲಿ ತುತ್ತು ಹಾಗೇ ಇತ್ತು. ಊರ ಗ್ರೂಪಿನಲ್ಲಿ ಆಗಲೇ ಕೈಮುಗಿದ ಎಮೋಜಿಗಳ ಸಾಲು. ನಾನು ಆಯಿಯ ಮೊಮ್ಮಗಳು, ನನಗೆ ಗೊತ್ತಾದದ್ದು ಹೀಗೆ! ಮಯೂರಿ ಫೋನು ಬಿಜಿ, ಅಪ್ಪನದು ಸ್ವಿಚ್ ಆಫ್. ರಜೆ ಚೀಟಿ ಕೊಟ್ಟು ಬಸ್ ಹತ್ತಿದೆ. ಕಿಟಕಿಗೆ ತಲೆ ಆನಿಸಿ ಅಳುತ್ತಿದ್ದೆ. ಕಂಡಕ್ಟರ್ ಆಧಾರ್ ಕಾರ್ಡ್ ಕೇಳಿದ.

ಅದೇ ದಿನ, ಸಂಜೆ

ಆಯಿ ಸತ್ತಿಲ್ಲ. ಎದುರಿಗೆ ಕೂತು ಚಾ ಕುಡಿಯುತ್ತಿದ್ದಾಳೆ.

ಆದದ್ದು ಇಷ್ಟು — ಡಾಕ್ಟರು "ಮನಿಗೆ ಒಯ್ರಿ" ಅಂದರು. ಅಪ್ಪ ಕ್ರೂಸರ್ ಗಾಡಿ ಮಾಡಿದ. ಹುಲಸೂರ ದಾರಿಯಲ್ಲಿ ಆಯಿ ಕಣ್ಣು ಮುಚ್ಚಿದಳು, ಕೈ ತಣ್ಣಗಿತ್ತು. ಮಯೂರಿ ದವಾಖಾನೆಯಲ್ಲೇ ಶ್ರದ್ಧಾಂಜಲಿ ಕಾರ್ಡು ತಯಾರು ಮಾಡಿಟ್ಟುಕೊಂಡಿದ್ದಳು. ಒತ್ತಿಬಿಟ್ಟಳು. ಮುಂದೆ ಯಾವುದೋ ಗುಂಡಿಯಲ್ಲಿ ಗಾಡಿ ಎತ್ತಿಹಾಕಿತು, ಆಯಿಗೆ ಎಚ್ಚರವಾಯಿತು. ಸ್ಟೇಟಸ್ ಅಳಿಸುವಷ್ಟರಲ್ಲಿ ಊರು ತಲುಪಿತ್ತು, ಇವರಿಗಿಂತ ಮೊದಲು.

ಅಂಗಳದ ತುಂಬ ಮಂದಿ. ಚಟ್ಟಕ್ಕೆ ಬಿದಿರು ಬಂದಿದೆ. ಯಾರೋ ಹೆಣಕ್ಕೆ ಹೊದಿಸಲು ಹೊಸ ಬಿಳಿ ಸೀರೆ ತಂದಿದ್ದಾರೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಮನೆಮನೆಯಿಂದ ರೊಟ್ಟಿ, ಝುಣಕದ ಡಬ್ಬಿಗಳು. ಆಯಿ ಅಪ್ಪನ ಹೆಗಲು ಹಿಡಿದು ಇಳಿದಳಂತೆ.

"ಯಾರ ಮನ್ಯಾಗ ಸಾವಾಗ್ಯಾದ?"

ಪಕ್ಕದ ಮನೆಯ ಕುಲ್ಸುಮ್ ಬೀ ಬಾಯಿಗೆ ಸೆರಗು ಒತ್ತಿಕೊಂಡು ಅಂದಳಂತೆ, "ನಿಮ್ಮನ್ಯಾಗೇ ಅಂತ ಬಂದೀವಿ, ದ್ರೌಪತಿ."

"ಹೌದಾ? ಹಾಂಗಾರ ಬಂದವರಿಗೆ ಚಾ ಮಾಡ್ರಿ."

ನಾನು ಬಂದಾಗ ಇನ್ನೂ ನಗುತ್ತಿದ್ದರು. ಮಯೂರಿ ಒಳಗೆ ಮೂಲೆಯಲ್ಲಿ. ಕಪಾಳಕ್ಕೆ ಬಿಡಬೇಕೆಂದೇ ಹೋದೆ.

"ಯಾಕ ಹಾಕಿದಿ?"

"ದೊಡ್ಡಪ್ಪ ತೀರಿದಾಗ ಎಲ್ಲಾರೂ ಹಾಕಿದ ಮ್ಯಾಲ ನಾ ಹಾಕಿದ್ದೆ ಅಕ್ಕಾ. ಮನಿ ಹುಡುಗಿಗೇ ನೋವಿಲ್ಲ ಅಂದ್ರು. ಈ ಸಲ ನಾನ ಮೊದಲ..."

ಕೈ ಇಳಿಯಿತು. ಅಳು ಕೂಡ ಮೊದಲ ನಂಬರ್ ಬರಬೇಕು ಈಗ.

ಜನವರಿ 12, ಭಾನುವಾರ

ನಗುವಿಗೆ ಬಾಲ ಬಂದಿದೆ. ಅದೇ ಚೆಂಡುಹೂವಿನ ಚೌಕಟ್ಟಿನಲ್ಲಿ ಮಯೂರಿಯ ಫೋಟೊ, ಅದೇ ಶ್ರದ್ಧಾಂಜಲಿ. ಮಾಡಿದವನು ಹಿಂದಿನ ಓಣಿಯ ಸಂಘರತ್ನ, ಅವಳ ಕ್ಲಾಸಿನವನೇ. ಕಾಲೇಜಿಗೆಲ್ಲ ಹಬ್ಬಿಸಿದ್ದಾರೆ. ಅವಳು ಬಸ್ ಹತ್ತಿದರೆ ಹಿಂದಿನ ಸೀಟಿನವರು ಎದ್ದು ಮೌನಾಚರಣೆ ಮಾಡುತ್ತಾರಂತೆ.

ಅವಳ ಲೆಕ್ಚರರಿಗೆ ಫೋನು ಹಚ್ಚಿ ಬೈದು ಫೋಟೊ ತೆಗೆಸಿದೆ. ನೋಡಿದವರ ಕಣ್ಣಿಂದ ತೆಗೆಸುವುದು ಹೇಗೆ? ಹುಡುಗಿ ಸರಿಯಾಗಿ ಉಣ್ಣುತ್ತಿಲ್ಲ. ಕಾಲೇಜಿಗೆ ಹೋಗೋದಿಲ್ಲ ಅನ್ನುತ್ತಾಳೆ. ಅಪ್ಪನಿಗೆ ಅಷ್ಟೇ ಸಾಕಾಯಿತು. "ಫೋನೂ ಬಂದ್, ಕಾಲೇಜೂ ಬಂದ್." ಫೋನು ಒಯ್ದು ಜೋಳದ ಡ್ರಮ್ಮಿನಲ್ಲಿ ಹೂತಿದ್ದಾನೆ. 27ಕ್ಕೆ ಕೆಮಿಸ್ಟ್ರಿ ಪ್ರಾಕ್ಟಿಕಲ್. ತಪ್ಪಿದರೆ ಪಿಯುಸಿ ಹೋಯಿತು. ಅಪ್ಪ ಮತ್ತೊಮ್ಮೆ ಫೀಸು ಕಟ್ಟುವವನಲ್ಲ, ಹೊಲಕ್ಕೆ ಕಳಿಸುತ್ತಾನೆ.

ಪಿಪಿಟಿಗೆ ಕೂತೆ. ಮೊದಲ ಸ್ಲೈಡ್: "ಮೊಬೈಲ್: ವರವೋ ಶಾಪವೋ?" ಓದಿ ನನಗೇ ಆಕಳಿಕೆ ಬಂತು.

ಜನವರಿ 19, ಭಾನುವಾರ. ಊರು

ಅಂದು ಬಂದ ಡಬ್ಬಿಗಳು ಇನ್ನೂ ಗೋಡೆಗೆ ಸಾಲಾಗಿ ಕೂತಿದ್ದವು. ತಿರುಗಿ ಕೊಡಲು ಯಾರಿಗೂ ಮುಖವಿಲ್ಲ. ಆಯಿ ಬೆಳಿಗ್ಗೆಯೇ ಗೋಧಿ ಹುಗ್ಗಿಗೆ ಇಡಿಸಿದ್ದಳು.

"ಸಾವಿನ ಮನಿಗೆ ಬಂದ ಡಬ್ಬಿ ಖಾಲಿ ಹೋಗ್ತಾವ. ನಾ ಇನ್ನಾ ಇದ್ದೇನಿ. ತುಂಬಿ ಹೋಗಬೇಕು. ಮಯೂರಿ, ಏಳು. ನೀನ ಕೊಡಾಕಿ."

"ನಾ ಒಲ್ಲೆ ಆಯಿ. ನಗತಾರ."

"ನಗಲಿ. ಮಾರಿ ನೋಡಿ ನಗತಾರಲ್ಲ, ಆಮ್ಯಾಲ ಬಿಡತಾರ. ನಿನ್ನ ಫೋನಿನ್ಯಾಗಿನ ನಗಿ ಮುಗಿಯೂದಿಲ್ಲ."

ಆಯಿ ಟ್ರಂಕಿನಿಂದ ಆ ಬಿಳಿ ಸೀರೆ ತೆಗೆದು ಉಟ್ಟಳು. ಅಪ್ಪ ಬೇಡ ಅಂದ. "ನನಗ ತಂದದ್ದು, ನಾ ಉಡತೇನಿ" ಅಂದಳು, ಅಷ್ಟೇ. ಓಣಿಯಲ್ಲಿ ಹೊರಟೆವು. ಮುಂದೆ ಬಿಳಿ ಸೀರೆಯ ಆಯಿ ಕೋಲೂರಿಕೊಂಡು, ಹಿಂದೆ ಡಬ್ಬಿ ಹೊತ್ತ ಮಯೂರಿ, ಅವಳ ಹಿಂದೆ ನಾನು. ನನಗೂ ನಾಚಿಕೆಯೇ. ನಾಲ್ಕು ಹೆಜ್ಜೆಗೊಮ್ಮೆ ಆಯಿ ದಮ್ಮು ತಿರುಗಿಸಿಕೊಳ್ಳುತ್ತಿದ್ದಳು.

ಮೊದಲ ಮನೆ ಕುಲ್ಸುಮ್ ಬೀಯದು. ಮಯೂರಿ ನೆಲ ನೋಡುತ್ತ, "ಕೇಳದ ಹಾಕಿಬಿಟ್ಟೆ. ತಪ್ಪಾತ್ರಿ" ಅಂದಳು. ಕುಲ್ಸುಮ್ ಬೀ ಅವಳ ಗಲ್ಲ ಹಿಡಿದು, "ಹುಚ್ಚಿ, ಎಷ್ಟ ಅತ್ತೀನಿ ಗೊತ್ತೇನು ಅವತ್ತು? ಪುಕ್ಕಟ ಅಳಿಸಿದಿ" ಎಂದು ಹುಗ್ಗಿ ಅವಳ ಬಾಯಿಗಿಟ್ಟಳು. ಹತ್ತು ದಿನದಲ್ಲಿ ಮಯೂರಿ ನಕ್ಕದ್ದು ಅಲ್ಲೇ ಮೊದಲು.

ಕೊನೆಯ ಡಬ್ಬಿ ಸಂಘರತ್ನನ ಅವ್ವನದು. ಮಯೂರಿ ಓಣಿಯ ತಿರುವಿನಲ್ಲೇ ನಿಂತಳು. ಆಯಿ ಅವಳ ಮಣಿಕಟ್ಟು ಬಿಡಲಿಲ್ಲ. ಆ ಹುಡುಗ ಕಟ್ಟೆಯ ಮೇಲೆ ಫೋನು ಹಿಡಿದು ಕೂತಿದ್ದ. ನಮ್ಮನ್ನು ನೋಡಿ ಎದ್ದ.

"ನಿನ್ನ ಫೋನಿನ್ಯಾಗ ಈಕಿ ಸತ್ತಾಳಂತಲ್ಲೋ," ಅಂದಳು ಆಯಿ, ದನಿ ಏರಿಸದೆ. "ಹಿಡಿ. ಸತ್ತಾಕಿ ಕೈಲೆ ಹುಗ್ಗಿ ತಗೋ."

ಮಯೂರಿ ಡಬ್ಬಿ ಚಾಚಿದಳು. ಅವನ ಕೈ ಬರಲಿಲ್ಲ. ಮುಖ ಕಪ್ಪಿಟ್ಟಿತು. ಬಹಳ ಹೊತ್ತಿನ ಮೇಲೆ ಎರಡೂ ಕೈಯಲ್ಲಿ ಇಸಕೊಂಡ. "ಅಳಿಸೀನಿ, ಆಯಿ" ಅಂದ. "ಆಕಿಗೆ ಹೇಳು, ನನಗಲ್ಲ." ಹೇಳಿದ. ಸರಿಯಾಗಿ ಕೇಳಿಸಲಿಲ್ಲ, ಆದರೆ ಹೇಳಿದ.

ಮನೆಗೆ ಬಂದು ಆಯಿ ಅಪ್ಪನಿಗೆ ಫೋನು ತೆಗೆ ಅಂದಳು. "ಮತ್ತ ಅದನ್ನ ಕೊಡತಿ?" ಎಂದ ಅಪ್ಪ.

"ಈಳಿಗಿ ಕೈ ಕೊಯ್ತಂತ ಉಳ್ಳಾಗಡ್ಡಿ ಹೆಚ್ಚೂದು ಬಿಡ್ತೀಯೇನು ನರಸಿಂಗಾ? ಹುಡುಗಿ ಕಾಲೇಜಿಗೆ ಹೋಗ್ತಾಳ."

ಅಪ್ಪ ಮೊಣಕೈತನಕ ಜೋಳದಲ್ಲಿ ಕೈ ಹಾಕಿದ. ಫೋನು ಧೂಳಿನಲ್ಲಿ ಮಿಂದು ಬಂತು.

ಜನವರಿ 27, ಸೋಮವಾರ

ಮಯೂರಿ ಪ್ರಾಕ್ಟಿಕಲ್ ಮುಗಿಸಿದಳು. ಬಸ್ಸಿನಲ್ಲಿ ಹಿಂದಿನ ಸೀಟು ಸುಮ್ಮನಿತ್ತಂತೆ. ಸಂಘರತ್ನ ಎದ್ದು ಅವಳಿಗೆ ಜಾಗ ಬಿಟ್ಟನಂತೆ. ಕೂರಲಿಲ್ಲ ಇವಳು. ಒಳ್ಳೆಯದೇ ಮಾಡಿದಳು.

ನನ್ನ ಭಾಷಣವೂ ಇವತ್ತೇ. ಪಿಪಿಟಿ ಹಚ್ಚಲಿಲ್ಲ. ಆಯಿಯ ಕಥೆ ಹೇಳಿದೆ, ಹೊಟ್ಟೆ ಹಿಡಿದು ನಕ್ಕರು. ಆಮೇಲೆ ಮಯೂರಿಯ ಫೋಟೊದ್ದು ಹೇಳಿದೆ. ಯಾರೂ ನಗಲಿಲ್ಲ. "ಹಾಕೂಕಿಂತ ಮೊದಲ ಆ ಮನಿಗೆ ಒಂದು ಫೋನು ಮಾಡ್ರಿ, ಇಷ್ಟ" ಅಂದೆ.

ಹಿಂದಿನ ಬೆಂಚಿನ ಫರಹತ್ ಎದ್ದಳು. "ಅಷ್ಟರಾಗ ಲೇಟ್ ಆಗ್ತದಲ್ರಿ ಮೇಡಂ?"

"ಯಾರಿಗೆ ಲೇಟ್?"

ಯೋಚಿಸಿದಳು. ಕೂತಳು. ಮಹಾರುದ್ರಪ್ಪ ಸರ್ ಫೋಟೊ ತೆಗೆದು ಆಗಲೇ ಗ್ರೂಪಿಗೆ ಹಾಕಿದ್ದರು. ನನ್ನ ಕಣ್ಣು ಮುಚ್ಚಿದೆ ಅದರಲ್ಲಿ.

ಮಾರ್ಚ್ 22, ಶನಿವಾರ — ಬೆಳಿಗ್ಗೆ, ಹುಮನಾಬಾದ್ ಬಸ್ ಸ್ಟ್ಯಾಂಡ್

ಏಳಕ್ಕೆ ಫೋನು. ಮಯೂರಿ.

"ಅಕ್ಕಾ, ನಿಂತೀಯೇನು? ಕುಂಡ್ರು ಮೊದಲ."

ಕೂತೆ. ಗೊತ್ತಾಗಿಹೋಯಿತು.

"ನಾ ಆಯಿ ಕೈ ಹಿಡ್ಕೊಂಡೇ ಕೂತೀನಿ ಅಕ್ಕಾ. ಡಾಕ್ಟರ್ ಬಂದು ನೋಡಿದ್ರು. ಅಪ್ಪ ಇಲ್ಲೇ ಅದಾನ. ಆಮ್ಯಾಲ ನಿನಗ ಹೇಳಾಕತ್ತೇನಿ, ಇನ್ನಾ ಯಾರಿಗೂ ಹೇಳಿಲ್ಲ."

ಇಬ್ಬರೂ ಅತ್ತೆವು. ಫೋನು ಇಡಲಿಲ್ಲ ಅವಳು, ನನ್ನ ಅಳು ಮುಗಿಯುವ ತನಕ.

ಅವಳ ಸ್ಟೇಟಸ್ ನೋಡಿದೆ. ಏನೂ ಇಲ್ಲ. ಊರ ಗ್ರೂಪಿನಲ್ಲಿ ಯಾರದೋ ಗುಡ್ ಮಾರ್ನಿಂಗ್ ಗುಲಾಬಿ.

ಈಗ ಸಂಘರತ್ನನ ಫೋನು ಬಂದಿತ್ತು. "ಮಯೂರಿ ಫೋನ್ ಮಾಡಿದ್ಳು, ಅಕ್ಕಾ. ಖರೇ ಏನ್ರಿ?"

"ಖರೇನಪ್ಪ."

"ಅವ್ವಗ ರೊಟ್ಟಿ ಬಡಿ ಅಂತ ಹೇಳ್ತೇನಿ."

ಆ ಬಿಳಿ ಸೀರೆ ಒಗೆದು ಟ್ರಂಕಿನಲ್ಲೇ ಇಟ್ಟಿದ್ದಳು ಆಯಿ. ಅದನ್ನೇ ತೆಗೆದಿಡು ಅಂತ ಮಯೂರಿಗೆ ಹೇಳಬೇಕು. ಹಚ್ಚಿದೆ, ಬಿಜಿ. ಮತ್ತೆ ಹಚ್ಚಿದೆ, ಇನ್ನೂ ಬಿಜಿ. ಒಂದೊಂದೇ ಮನೆಗೆ ಹೇಳುತ್ತಿದ್ದಾಳೆ, ಡಬ್ಬಿ ಕೊಟ್ಟ ಹಾಗೆಯೇ. ಬಸ್ಸು ಬಂತು, ಹತ್ತುತ್ತೇನೆ.