ಸಮುದ್ರದ ತಳ ನೋಡಿ ಬಂದೆ, ಅಣ್ಣ

ಅಣ್ಣಾ,

ಮೊನ್ನೆ ಮಧ್ಯಾಹ್ನ ಊಟ ಮಾಡಿ ಹಂಗೇ ಗೋಡೆಗೆ ಒರಗಿದ್ದೆ, ಕಣ್ಣು ಹತ್ತಿಬಿಡ್ತು. ಕನಸಲ್ಲಿ ನೀನು ನಮ್ಮ ತೋಟದ ಬಾವಿ ಮೆಟ್ಟಿಲ ಮೇಲೆ ಕೂತು ಹಗ್ಗಕ್ಕೆ ಗಂಟು ಹಾಕ್ತಿದ್ದೆ. ಹಾಕೋದು, ಎಳೆದು ನೋಡೋದು, ಬಿಚ್ಚೋದು, ಮತ್ತೆ ಹಾಕೋದು. ನಾನು ಕೂಗಕ್ಕೆ ಹೋದ್ರೆ ಬಾಯಿಂದ ನೀರು ಬರ್ತಿತ್ತು, ಮಾತು ಬರ್ತಿರ್ಲಿಲ್ಲ. ನೀನು ಹೋಗಿ ಎರಡು ವರ್ಷ ಆಯ್ತು. ಅಲ್ಲೂ ಗಂಟೇ ಹಾಕ್ತಿದೀಯಾ? ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟೋಳು ನಾನು, ಒತ್ತು ದೀರ್ಘ ತಪ್ಪಿದ್ರೆ ಬಯ್ಬೇಡ.

ಹೋದ ತಿಂಗಳು ನಿನ್ನ ಮಗಳು ದಿವ್ಯ ಹಾಸನದ ಆಸ್ಪತ್ರೆಗೆ ರಜ ಹಾಕಿ, ಹೊಳೆನರಸೀಪುರಕ್ಕೆ ಬಂದು ನನ್ನ ಹೊರಡಿಸಿದ್ಲು. ಗೋಕರ್ಣ ಅಂದ್ಲು. ದೇವರಿಗೆ ಅಂದ್ಕೊಂಡು ನಾನು ತೆಂಗಿನಕಾಯಿ ಕಟ್ಕೊಂಡೆ. ಬಸ್ಸಲ್ಲಿ ಹೇಳ್ತಾಳೆ, ಸಮುದ್ರದಲ್ಲಿ ಕಯಾಕ್ ಅಂತೆ, ಇಬ್ಬರೇ ಕೂತು ಹುಟ್ಟು ಹಾಕೋ ಸಪೂರ ದೋಣಿ. ಆಮೇಲೆ ಕಣ್ಣಿಗೆ ಗಾಜು, ಬಾಯಿಗೆ ಕೊಳವೆ ಕಟ್ಕೊಂಡು ನೀರಲ್ಲಿ ಬೋರಲು ತೇಲೋದಂತೆ. "ಅಪ್ಪ ನನ್ನ ಕೆರೆ ಏರಿ ಮ್ಯಾಕೂ ಬುಡ್ಲಿಲ್ಲ. ಒಂದ್ಸಲ ನೀರಿಗಿಳೀಬೇಕು ಅತ್ತೆ, ನೀನಿದ್ರೆ ಧೈರ್ಯ" ಅಂದ್ಲು. ನಾನು ಧೈರ್ಯ! ಅರಸೀಕೆರೆ ದಾಟೋ ಹೊತ್ತಿಗೆ ಗ್ಯಾಸ್ ಆಫ್ ಮಾಡಿದ್ನಾ ಅಂತ ನಾಲ್ಕು ಸಲ ಕೇಳಿದ್ದೆ.

ನಮ್ಮನ್ನ ಕರ್ಕೊಂಡು ಹೋದೋನು ನಿನ್ನ ವಯಸ್ಸಿನ ಒಬ್ಬ ಮೀನುಗಾರ. ತೇಲೋ ಜಾಕೆಟ್ ತೊಡಿಸಿ, ಬೆಲ್ಟು ಎಳೆದು ನೋಡ್ದ. ಮತ್ತೆ ಎಳೆದ. ಮೂರನೇ ಸಲವೂ. ನಾನು ಬೆಲ್ಟಿಗೆ ಕೈ ಹಾಕಿದ್ದು ಕಂಡು, "ಎಂತ ಹೆದರೂದು ಅಕ್ಕಾ? ನೀವು ಮುಳುಗ್ತೆ ಅಂದ್ರೂ ಅದು ಬಿಡೂದಿಲ್ಲ. ಬಿಚ್ಚೂದು ಮಾತ್ರ ಬ್ಯಾಡ" ಅಂದ. ಬಿಚ್ಚೂದು ಬ್ಯಾಡ... ಅವನಿಗೇನು ಗೊತ್ತು.

ಕರೀ ಬಂಡೆಗಳ ಪಕ್ಕದಲ್ಲೇ ಹೋದ್ವಿ. ನಾನು ಬಲಕ್ಕೆ ಹುಟ್ಟು ಹಾಕಿದ್ರೆ ದಿವ್ಯ ಎಡಕ್ಕೆ. "ಅತ್ತೆ, ರಾಗಿ ಮುದ್ದೆ ತಿರುವ್ದಂಗೆ ತಿರುವ್ಬ್ಯಾಡ, ಇಂದಕ್ಕೆ ನೂಕು!" ಬಂಡೆಗಳ ಮರೆಗೆ ಬಂದಾಗ ಅಲೆ ಇಲ್ಲ, ನೀರು ತಣ್ಣಗೆ ನಿಂತಿತ್ತು. ಅಲ್ಲಿ ಗಾಜು ಕಟ್ಕೊಂಡು ನೀರಿಗಿಳಿದು ಮುಖ ಮುಳುಗಿಸಿದೆ. ಅಣ್ಣಾ, ತಳ ಕಾಣಿಸ್ತು. ಗೆರೆ ಗೆರೆ ಮರಳು, ಪಟ್ಟೆ ಪಟ್ಟೆ ಮೀನು, ಅದರ ಮೇಲೆ ನನ್ನದೇ ನೆರಳು. ಜಾಕೆಟ್ ಬಿಚ್ಚದೇನೇ ಕಾಣಿಸ್ತು! ಗಾಜಿನೊಳಗೇ ಅತ್ತುಬಿಟ್ಟೆ. ಇಷ್ಟಕ್ಕೇ ತಾನೇ ನಾನು ಅವತ್ತು...

ಅವತ್ತು ನನಗೆ ಒಂಬತ್ತು, ನಿನಗೆ ಹದಿನಾಲ್ಕು. ನೀನು ಖಾಲಿ ಎಣ್ಣೆ ಕ್ಯಾನು ನನ್ನ ಬೆನ್ನಿಗಿಟ್ಟು, ಸೊಂಟದ ಸುತ್ತ ನೈಲಾನ್ ಹಗ್ಗ ಕಟ್ಟಿ ಬಾವೀಲಿ ಈಜು ಕಲಿಸ್ತಿದ್ದೆ. ಗಂಟನ್ನ ಮೂರು ಸಲ ಎಳೆದು ನೋಡಿದ್ದೆ. ಬಾವಿ ತಳ ನೋಡ್ಬೇಕು ಅಂತ ನನಗೆ ಆಸೆ, ಕ್ಯಾನು ಮುಳುಗಕ್ಕೇ ಬಿಡ್ತಿರ್ಲಿಲ್ಲ. ನೀನು ಪಂಪ್‌ಸೆಟ್ ಕಡೆ ತಿರುಗಿದಾಗ ಹೊಟ್ಟೆ ಒಳಕ್ಕೆಳ್ಕೊಂಡು, ಹಗ್ಗನ ಸೊಂಟದಿಂದ ಕೆಳಕ್ಕೆ ನೂಕಿ, ಕಾಲಿಂದ ಬಿಡಿಸ್ಕೊಂಡೆ. ನಾನೇ ಬಿಡಿಸ್ಕೊಂಡೆ ಅಣ್ಣ.

ಜುಟ್ಟು ಹಿಡಿದು ಮೇಲಕ್ಕೆ ತಂದೋನು ನೀನು. ಅಪ್ಪನ ಕೈಲಿ ಏಟು ತಿಂದೋನೂ ನೀನೇ. "ಒಂದ್ ಗಂಟಾಕಕ್ ಬರಲ್ವೇನ್ಲಾ ನಿಂಗೆ? ಎಣ ಎತ್ತಬೇಕಾಗಿತ್ತಲ್ಲೋ!" ನೀನು, "ಮೂರ್ಸಲ ನೋಡಿದ್ದೆ ಕಣಪ್ಪ, ಬಿಗಿಯಾಗೇ ಇತ್ತು" ಅಂತಿದ್ದೆ. ನಾನು ಅವ್ವನ ಸೆರಗಿನ ಹಿಂದೆ ಬಾಯಿ ಮುಚ್ಕೊಂಡು ನಿಂತಿದ್ದೆ. ಅಪ್ಪ ಆ ಕ್ಯಾನನ್ನ ಹಗ್ಗ ಸಮೇತ ಕೊಟ್ಟಿಗೆ ಅಟ್ಟಕ್ಕೆ ಎಸೆದ್ರು. ನಾಳೆ ಹೇಳೋಣ ಅಂದ್ಕೊಂಡೆ. ನಾಳೆ, ನಾಳೆ ಅಂತ ಮೂವತ್ತೈದು ವರ್ಷ.

ಆಮೇಲೆ ನೀನು ನೀರಿಗಿಳೀಲೇ ಇಲ್ಲ. ಹಸು ಕಟ್ಟಿದ್ರೂ ಮೂರು ಸಲ, ಟ್ರ್ಯಾಕ್ಟರ್‌ಗೆ ಹುಲ್ಲು ಹೇರಿದ್ರೂ ಮೂರು ಸಲ ಹಗ್ಗ ಎಳೆದು ನೋಡ್ತಿದ್ದೆ. "ಬಂದ ಕಣ್ರಲಾ ಮೂರ್ಸಲ!" ಅಂತ ಊರೋರು ನಗೋರು. ನೀನೂ ನಗ್ತಿದ್ದೆ. ನಾನೂ ನಕ್ಕಿದೀನಲ್ಲ ಅಣ್ಣ, ಅವರ ಜೊತೆ...

ದಡಕ್ಕೆ ಬಂದು ಎಲ್ಲಾ ದಿವ್ಯಂಗೆ ಹೇಳ್ದೆ. ಆ ಹೊತ್ತಿನವರೆಗೂ ನಗ್ತಿದ್ಲು, ನೀರಲ್ಲಿ ಮಗು ಥರ ಕೈ ಬಡಿದಿದ್ಲು. ನೀನು ನೋಡ್ಬೇಕಿತ್ತು. ನಾನು ಹೇಳಿ ಮುಗಿಸಿದ ಮೇಲೆ ಮರಳು ಗೀಚ್ತಾ ಕೂತ್ಲು. "ನನ್ ಸ್ಕೂಲ್ ಶೂ ಲೇಸೂ ಮೂರ್ಸಲ ನೋಡೋರು" ಅಂದ್ಲು. ಗೀಚಿದ್ದನ್ನ ಅಂಗೈಲಿ ಅಳಿಸಿ, "ಅಪ್ಪ ಇದ್ದಾಗ ಹೇಳ್ಬೇಕಿತ್ತು ಅತ್ತೆ" ಅಂದ್ಲು. ಹಾಸನದಲ್ಲಿ ಇಳೀವಾಗ "ಬತ್ತೀನಿ" ಅಂದಿದ್ದೇ ಕೊನೆ, ಫೋನ್ ಎತ್ತಿಲ್ಲ. ಅಪ್ಪ ಅವ್ವ ಇಲ್ಲ, ನೀನಿಲ್ಲ. ಆ ಬಾವಿ ಕಂಡೋರು ಇನ್ಯಾರಿದಾರೆ ನನ್ನ ಜೊತೆ?

ಕನಸು ಬಿದ್ದ ಮಾರನೇ ದಿನವೇ ನಮ್ಮೂರು ಹರದನಹಳ್ಳಿಗೆ ಬಂದೆ. ಬಾವಿ ಮುಚ್ಚಿದಾರೆ. ಅತ್ತಿಗೆ ಹತ್ರ ಏಣಿ ಹಿಡಿಸಿ, ಅಟ್ಟ ಹತ್ತಿ ತಡಕಿದೆ. ಹಳೇ ಗೋಣಿಚೀಲದ ಅಡೀಲಿ ಸಿಕ್ತು. ತೊಡೆ ಮೇಲಿಟ್ಕೊಂಡೇ ಬರೀತಿದೀನಿ. ಕ್ಯಾನು ಬಿರುಕು ಬಿಟ್ಟಿದೆ, ಹಗ್ಗದ ಬಣ್ಣ ಹೋಗಿದೆ. ಎಲ್ಲರೂ ಗಂಟು ಬಿಚ್ಕೊಂತು ಅಂದ್ರಲ್ಲ, ಒಬ್ಬರೂ ತೆಗೆದು ನೋಡ್ಲಿಲ್ಲ. ನೀನೂ ನೋಡ್ಲಿಲ್ಲ.

ಅವತ್ತು ಮೂರು ಸಲ ನೋಡ್ದಲ್ಲ ಅಣ್ಣ, ಇನ್ನೊಂದೇ ಒಂದು ಸಲ ನೋಡು. ಗಂಟು ನೀನು ಹಾಕಿದಂಗೇ ಇದೆ.