ಪಕ್ಕೆಲುಬಿನ ಕೆಳಗಿನ ಗುಳಿ

ಗದಗ
ಫೆಬ್ರವರಿ ಮೂವತ್ತು, ೨೧೯೪

ನನ್ನ ಅಜ್ಜಿಯ ಅಜ್ಜಿಗೂ ಹಿರಿಯರಾದ ತಾಯಂದಿರಿಗೆ,

ಈ ತಾರೀಕು ನಿಮಗೆ ತಪ್ಪೆನಿಸಬಹುದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ದಿನಗಳನ್ನು ವರ್ಷದ ಕೊನೆಗೆ ಹೆಸರಿಲ್ಲದೆ ಕಳೆಯುತ್ತೇವೆ. ನನ್ನ ಕೆಲವು ಮಾತು ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ನನ್ನ ಹೆಸರು ಶಾಂಭವಿ. ಎಳೆಗೂಸು ಹೊನ್ನಮ್ಮನ ತಾಯಿ.

ಸಂಕ್ರಾಂತಿ ಕಳೆದ ಮೇಲೆ ನಮಗೆ ಧೂಳುಗಾಲ. ಕೆಂಪು ಧೂಳು ಏಳುತ್ತಲೇ ಓಣಿಯವರೆಲ್ಲ ಗಾಳಿಮನೆಗೆ ಹೋಗುತ್ತೇವೆ. ಗಾಳಿಯನ್ನು ಸೋಸಿ ಒಳಗೆ ಬಿಡುವ ದೊಡ್ಡ ಕಟ್ಟಡ ಅದು. ಒಂದೇ ಒಲೆಯ ರೊಟ್ಟಿ, ಒಂದೇ ಸಾಲಿನಲ್ಲಿ ಹಾಸಿಗೆ. ಧೂಳು ಹೊರಗೇ ಉಳಿಯುತ್ತದೆ, ಕೆಮ್ಮು ಮಾತ್ರ ಒಬ್ಬರಿಂದ ಒಬ್ಬರಿಗೆ ಸುತ್ತುತ್ತದೆ. ಈ ಸಲ ನನ್ನ ಅತ್ತೆ ಸಾತವ್ವನಿಗೆ ನೆಗಡಿಯಾಗಿತ್ತು. ದಿನದಂತೆ ಮೊಮ್ಮಗಳಿಗೆ ಎಣ್ಣೆ ಹಚ್ಚಿದರು, ಮುದ್ದಿಟ್ಟರು. ಆಮೇಲೆ ಕೂಸಿನ ಮೂಗು ಸೋರಿತು, ಕೆಮ್ಮು ಬಂತು. ಎರಡು ಗುಟುಕು ಹಾಲು ಕುಡಿದು ಮೊಲೆ ಬಿಡತೊಡಗಿತು.

ನಮ್ಮಲ್ಲಿ ಗೋಡೆವೈದ್ಯ ಇದ್ದಾನೆ. ಗೋಡೆಯೊಳಗಿಂದಲೇ ನೋಡಿ ಮಾತಾಡುವ ಯಂತ್ರ. ಅದನ್ನು ಕೇಳದೆ ಯಾರೂ ಏನೂ ಮಾಡುವುದಿಲ್ಲ. ಬಟ್ಟೆಯಲ್ಲಿ ಸುತ್ತಿದ್ದ ಕೂಸಿನ ಮುಖ ನೋಡಿ ಸಾದಾ ನೆಗಡಿ ಎಂದಿತು.

“ಗೋಡಿನೇ ಹೇಳೇತಿ, ಯಾಕ ಹೆದರ್ತಿ?” ಎಂದ ಗಂಡ ಮೈಲಾರಿ.

ಬೆಳಿಗ್ಗೆ ಮೈ ಒರೆಸಲು ಕಿಟಕಿಯ ಹತ್ತಿರ ಬಟ್ಟೆ ಬಿಚ್ಚಿದೆ. ಕೂಸು ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು. ಎದೆಯಿಂದ ಸಣ್ಣ ಸಿಳ್ಳಿನಂಥ ಸದ್ದು. ಕೆಳಗಿನ ಬಟ್ಟೆ ರಾತ್ರಿಯಿಂದ ಒದ್ದೆಯಾಗಿರಲಿಲ್ಲ. ಮೈಲಾರಿ ಮತ್ತೆ ಗೋಡೆಯ ಕಡೆ ತಿರುಗಿದ.

“ಅದನ್ನ ಕೇಳಬ್ಯಾಡ. ನಡಿ,” ಎಂದೆ.

ಆಸ್ಪತ್ರೆಯ ಡಾಕ್ಟರ್ ರುಕ್ಸಾನಾ ಈ ಕಾಯಿಲೆಯನ್ನು ಓದಿದ್ದರು, ಕಂಡಿರಲಿಲ್ಲ. ಬ್ರಾಂಕಿಯೋಲೈಟಿಸ್ ಎಂದರು. ದೊಡ್ಡವರಿಗೆ ಬರೀ ನೆಗಡಿ ತರುವ ವೈರಸ್ಸು, ಕೂಸುಗಳಲ್ಲಿ ಶ್ವಾಸಕೋಶದ ಅತಿ ಸಣ್ಣ ನಾಳಗಳಿಗೆ ಬಾವು ಬರಿಸಿ ಕಟ್ಟಿಬಿಡುತ್ತದೆ. ಹಿಂದೆ ಬಸುರಿಯರಿಗೆ ಚುಚ್ಚುಮದ್ದು ಕೊಡುತ್ತಿದ್ದರಂತೆ. ಕಾಯಿಲೆಯೇ ಕಾಣದಾದ ಮೇಲೆ ನಮ್ಮವರು ಅದನ್ನು ನಿಲ್ಲಿಸಿದ್ದರು.

“ಔಷಧ ಕೊಡ್ರಿ,” ಎಂದ ಮೈಲಾರಿ.

“ಇದನ್ನ ಕೊಲ್ಲೋ ಔಷಧ ಇಲ್ರೀ. ಆಕ್ಸಿಜನ್ ಕೊಡ್ತೀವಿ, ಮೂಗು ಸ್ವಚ್ಛ ಇಡ್ತೀವಿ, ನಳಿಗಿಯಿಂದ ಹಾಲು ಹಾಕ್ತೀವಿ. ಕೂಸು ತಾನ ಗೆಲ್ಲೂತನಕ ಕಾಯಬೇಕು.”

ಕಾದೆವು. ಒಮ್ಮೆ ಉಸಿರು ನಿಂತಿತು. ದಾದಿ ಅಂಗಾಲು ತಿಕ್ಕಿದಳು, ಮತ್ತೆ ಬಂತು. ಅಷ್ಟು ಹೊತ್ತೂ ನಾನು ಗೋಡೆಗೆ ಬಳಿದ ತಿಳಿಹಸಿರು ಬಣ್ಣವನ್ನು ನೋಡುತ್ತಿದ್ದೆ. ಒಂದು ಕಡೆ ಪದರು ಎದ್ದಿತ್ತು. ಭಯ ಎಂಬುದು ಎಲ್ಲೋ ಬೇರೆಯವರ ಮನೆಯಲ್ಲಿ ನಡೆಯುತ್ತಿರುವ ಹಾಗಿತ್ತು.

ಕೂಸು ಬದುಕಿತು. ನಳಿಗೆ ತೆಗೆದ ದಿನ ಹೊಟ್ಟೆ ತುಂಬ ಹಾಲು ಕುಡಿದಾಗ ಮೈಲಾರಿ ಬಿಕ್ಕಿಬಿಕ್ಕಿ ಅತ್ತ. ಸಂತೋಷಪಡಬೇಕು ಎಂದು ನನಗೆ ಗೊತ್ತಿತ್ತು, ಅಷ್ಟೇ. ಧೂಳು ಇಳಿದು ಮನೆಗೆ ಬಂದ ಮೇಲೂ ಹಾಗೆಯೇ ಇದ್ದೇನೆ. ಉಣ್ಣುತ್ತೇನೆ, ಉಪ್ಪು ಖಾರ ತಿಳಿಯುವುದಿಲ್ಲ. ಕೂಸಿಗೆ ಇನ್ನೂ ಕೆಮ್ಮಿದೆ, ವಾರಗಟ್ಟಲೆ ಇರುತ್ತದಂತೆ. ಸಾತವ್ವ ಬಾಗಿಲಲ್ಲೇ ನಿಲ್ಲುತ್ತಾರೆ, ಎತ್ತಿಕೊಳ್ಳುವುದಿಲ್ಲ.

“ನನ್ನಿಂದ ಬಂತವ್ವಾ ಇದು.”

“ನಿಮಗ ನೆಗಡಿ ಅಷ್ಟ ಆಗಿತ್ರಿ ಅತ್ತಿ. ಬರ್ರಿ, ಎತ್ಕೊರಿ,” ಎಂದೆ. ನಿಜವನ್ನೇ ಹೇಳಿದ್ದೆ. ಆದರೆ ದನಿಯಲ್ಲಿ ಬಿಸಿ ಇರಲಿಲ್ಲ, ಅವರು ಬರಲಿಲ್ಲ.

ನಿಮ್ಮ ಕಾಲದಲ್ಲಿ ಈ ಕಾಯಿಲೆಯನ್ನು ಕಣ್ಣಾರೆ ಕಂಡವರಿದ್ದೀರಿ. ಅದಕ್ಕೇ ಕೇಳಿಕೊಳ್ಳುತ್ತೇನೆ. ಅದು ಹೋಯಿತು ಎಂದು ನಿಮ್ಮ ಮಕ್ಕಳು ಹೇಳುವ ದಿನ ಬಂದರೂ, ಅದು ಹೇಗಿತ್ತು ಎಂಬುದನ್ನು ಅವರಿಗೆ ಹೇಳಿಕೊಡಿ. ಕೂಸಿನ ಬಟ್ಟೆ ಬಿಚ್ಚಿ, ಬೆಳಕಿನಲ್ಲಿ ಎದೆ ನೋಡುವುದನ್ನು ಕಲಿಸಿ. ಗುಳಿ ಬಿದ್ದರೆ, ಹಾಲು ಬಿಟ್ಟರೆ, ಉಸಿರು ತಡೆತಡೆದು ಬಂದರೆ, ತುಟಿ ನೀಲಿಯಾದರೆ, ಯಾರ ಒಪ್ಪಿಗೆಗೂ ಕಾಯದೆ ಎತ್ತಿಕೊಂಡು ಓಡಲು ಹೇಳಿ.

ಹೊನ್ನಮ್ಮ ಎದ್ದು ಅಳುತ್ತಿದ್ದಾಳೆ. ಜೋರಾಗಿ, ಉಸಿರು ತುಂಬಿ ಅಳುತ್ತಿದ್ದಾಳೆ. ಎತ್ತಿಕೊಳ್ಳುವ ಮೊದಲು ಆ ಅಳುವನ್ನು ಒಂದು ಗಳಿಗೆ ಕೇಳುತ್ತೇನೆ.

ಶಾಂಭವಿ