ಬೆಂಚು ಹತ್ತಿದ ಮೊದಲ ಬಹುಮಾನ

ತಟ್ಟೆ ಬಡಿಯುವುದನ್ನು ನಿಷೇಧಿಸಿರುವ ಮಾನ್ಯ ವಾರ್ಡನ್ ಮೇಡಂ,

ಊಟದ ಹಾಲ್‌ನಲ್ಲಿ ಬೆಂಚು ಹತ್ತಿ, ಚಮಚದಿಂದ ತಟ್ಟೆ ಬಡಿದು, ಸಂತೋಷದ ಸುದ್ದಿ ಸಾರುವ ನಮ್ಮ ಹಾಸ್ಟೆಲ್ಲಿನ ಹಳೆಯ ಪದ್ಧತಿಯನ್ನು ತಾವು ‘ಅಶಿಸ್ತು’ ಎಂದು ಕರೆದು ಸುತ್ತೋಲೆ ಹೊರಡಿಸಿ ನೋಟಿಸ್ ಬೋರ್ಡಿಗೆ ಹಾಕಿದ್ದೀರಿ. ಅದೇ ಬೋರ್ಡಿನಲ್ಲಿ ‘ಆನ್‌ಲೈನ್ ವಂಚನೆ: ಎಚ್ಚರ’ ಎಂಬ ಇನ್ನೊಂದು ಸುತ್ತೋಲೆ ತಿಂಗಳುಗಳಿಂದ ನೇತಾಡುತ್ತಿದೆ. ಇರುವೆ ಸಾಲಿನಂಥ ಅಕ್ಷರಗಳು. ಬಹುಶಃ ಇರುವೆಗಳು ಈಗ ಬಹಳ ಎಚ್ಚರವಾಗಿವೆ. ನಮ್ಮನ್ನು ಎಚ್ಚರಿಸಿದ್ದು ಮಾತ್ರ ತಟ್ಟೆ. ಸಾಕ್ಷಿ ಬೇಕೇ? ನಾನೇ ಇದ್ದೇನೆ.

ನಾನು ಫಸ್ಟ್ ಇಯರ್. ಚಿಕ್ಕಂದಿನಿಂದ ಹಾಸ್ಟೆಲ್ಲುಗಳಲ್ಲೇ ಬೆಳೆದವಳು. ಕನ್ನಡದಲ್ಲಿ ಹೆದರುತ್ತೇನೆ, ಇಂಗ್ಲಿಷಿನಲ್ಲಿ ಸಾರಿ ಕೇಳುತ್ತೇನೆ. ಇಂಥವಳಿಗೆ ಮೊನ್ನೆ ಮೆಸೇಜು ಬಂತು: ಲಾಟರಿಯಲ್ಲಿ ಮೊದಲ ಬಹುಮಾನ, ಕಾರು! ಟಿಕೆಟ್ ಕೊಂಡ ನೆನಪಿರಲಿಲ್ಲ. ನನ್ನ ನೆನಪಿನ ಮೇಲೆ ಅನುಮಾನ ಬಂತೇ ಹೊರತು ಮೆಸೇಜಿನ ಮೇಲೆ ಬರಲಿಲ್ಲ. ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ‘ಬಹುಮಾನಾಧಿಕಾರಿ’ಗಳು ಎತ್ತಿದರು.

“ಕಂಗ್ರಾಜುಲೇಷನ್ಸ್ ಮಗಳೇ! ಕಾರು ಯಾವ ಬಣ್ಣದ್ದು ಬೇಕು?”

“ನೀಲಿ... ಸಾರಿ ಸರ್, ನಂಗೆ ಡ್ರೈವಿಂಗ್ ಬರಲ್ಲ.”

“ಏನೂ ಪರವಾಗಿಲ್ಲ, ಕಲಿಸ್ತೀವಿ. ಸಂಜೆಯೊಳಗೆ ಟ್ಯಾಕ್ಸ್ ಕಟ್ಟಿಬಿಡು, ಇಲ್ಲಾಂದ್ರೆ ಕ್ಯಾನ್ಸಲ್ ಆಗುತ್ತೆ. ಯಾರಿಗೂ ಹೇಳ್ಬೇಡ, ಹೊಟ್ಟೆಕಿಚ್ಚಿನ ಜನ.”

ಅವರು ಕೇಳಿದ ಟ್ಯಾಕ್ಸು ಹೆಚ್ಚುಕಡಿಮೆ ನನ್ನ ಪರೀಕ್ಷಾ ಶುಲ್ಕದಷ್ಟೇ ಇತ್ತು. ಕಣ್ಣಿನ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್ ಆಗಿರುವ ನನ್ನಮ್ಮ ಸಂಬಳವನ್ನು ಮುಂಗಡವಾಗಿ ಕೇಳಿ ಪಡೆದು ಕಳಿಸಿದ್ದ ದುಡ್ಡು ಅದು. ಅದು ಹೋದರೆ ಪರೀಕ್ಷೆ ಇಲ್ಲ, ಪರೀಕ್ಷೆ ಇಲ್ಲದಿದ್ದರೆ ವರ್ಷವೇ ಇಲ್ಲ. ಆದರೆ ಕಾರು ಬಂದಮೇಲೆ ವರ್ಷ ಯಾರಿಗೆ ಬೇಕು? ಕಾರಿನಲ್ಲೇ ಕೂತು ಹೆದರಬಹುದಲ್ಲ!

ಬೆರಳು ‘ಕಳಿಸು’ ಬಟನ್ ಮೇಲಿತ್ತು. ಅಷ್ಟರಲ್ಲಿ ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಸಂತೋಷ ಬಚ್ಚಿಟ್ಟವಳಿಂದ ಸೀನಿಯರ್‌ಗಳು ಇಡೀ ವಾರ ಎಲ್ಲರ ತಟ್ಟೆ ತೊಳೆಸುತ್ತಾರೆ. ಅಧಿಕಾರಿಗಿಂತ ಸೀನಿಯರ್‌ಗಳೆಂದರೆ ನನಗೆ ಹೆಚ್ಚು ಭಯ. ಬೆಂಚು ಹತ್ತಿದೆ, ತಟ್ಟೆ ಬಡಿದೆ.

“ಸಾರಿ... ನಂಗೆ ಕಾರು ಬಂದಿದೆ. ಲಾಟರಿ. ನೀಲಿ ಕಾರು.”

ತಕ್ಷಣ ನನ್ನ ರೂಮ್‌ಮೇಟ್, ಬಾಯಿ ನಿಲ್ಲಿಸದ ಕಾರಣ ನಾವು ‘ಮಿಕ್ಸಿ’ ಅನ್ನುವವಳು, ಪಕ್ಕದ ಬೆಂಚು ಹತ್ತಿದಳು.

“ಏಯ್, ನೀಲಿ ನಂದು ಕಣೇ! ನಾನು ಬೆಳಿಗ್ಗೇನೇ ಆ ಸರ್‌ಗೆ ಹೇಳಿದ್ದೀನಿ!”

“ಸುಮ್ನಿರ್ರೇ ಇಬ್ರೂ,” ಎಂದು ಫೈನಲ್ ಇಯರ್‌ನ ‘ಲಾಯರಕ್ಕ’ ಎದ್ದಳು. “ಮೊದಲ ಬಹುಮಾನ ಎಷ್ಟು ಜನಕ್ಕೆ ಕೊಡ್ತಾರೆ? ಟಿಕೆಟ್ ನಂಬರ್ ಓದಿ.”

ಓದಿದೆವು. ಇಬ್ಬರದೂ ಒಂದೇ ನಂಬರು, ಸಂಜೆಯೊಳಗೆ ಕಟ್ಟಬೇಕಾದ ಟ್ಯಾಕ್ಸೂ ಒಂದೇ.

“ಗೆದ್ದೋರು ದುಡ್ಡು ಇಸ್ಕೋತಾರೆ ಕಣ್ರೇ ಪೆದ್ದುಗಳಾ, ಕಟ್ಟಲ್ಲ!” ಎಂದಳು ಲಾಯರಕ್ಕ.

ಹಾಲ್ ಬಿದ್ದು ಬಿದ್ದು ನಕ್ಕಿತು. ಮಿಕ್ಸಿಯ ಮೂಗಿನಿಂದ ನೀರು ಬಂತು. ತಾವು ‘ಅಶಿಸ್ತು’ ಎಂದದ್ದು ಈ ಸದ್ದಿಗೇ, ಮೇಡಂ. ಅಮ್ಮನ ದುಡ್ಡು ಉಳಿದ ಸದ್ದು ಅದು.

ಕೊಳ್ಳದ ಟಿಕೆಟ್ಟಿಗೆ ಬಹುಮಾನ ಬರುವುದಿಲ್ಲ. ಬಹುಮಾನ ಪಡೆಯಲು ಮೊದಲು ದುಡ್ಡು ಕೇಳಿದರೆ ಅದು ಬಹುಮಾನವಲ್ಲ. ಸಂಜೆಯೊಳಗೆ ಎಂದು ಅವಸರಪಡಿಸುವುದು ನಾವು ಯೋಚಿಸದಿರಲೆಂದೇ. ಇವೆಲ್ಲ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ಆದರೆ ರೂಮಿನಲ್ಲಿ ಒಬ್ಬಳೇ ಕೂತಾಗ ಯಾವ ಬುದ್ಧಿ ನೆಟ್ಟಗಿರುತ್ತದೆ? ಮೋಸಗಾರನಿಗೆ ಬೇಕಾದದ್ದು ನಮ್ಮ ಮೌನ. ಅದನ್ನೀಗ ತಾವು ಸೀಲು ಒತ್ತಿ, ಸಹಿ ಹಾಕಿ, ಉಚಿತವಾಗಿ ಒದಗಿಸಿದ್ದೀರಿ. ಬಹುಮಾನಾಧಿಕಾರಿಗಳೇ ಡಿಕ್ಟೇಷನ್ ಕೊಟ್ಟಿದ್ದರೂ ಸುತ್ತೋಲೆ ಇಷ್ಟು ಚೆನ್ನಾಗಿ ಬರುತ್ತಿತ್ತೇ?

ಇನ್ನೊಂದು ಮಾತು. ಮೊದಲೇ ಸಾರಿ. ನಾವು ಟಿಕೆಟ್ ನಂಬರ್ ಓದುವಾಗ ಸಿಬ್ಬಂದಿಯ ಟೇಬಲ್ಲಿನಲ್ಲಿ ತಾವು ಚಮಚ ಕೆಳಗಿಟ್ಟು, ಮೊಬೈಲ್ ತೆಗೆದು, ಒಂದೊಂದೇ ಅಂಕಿಯನ್ನು ತುಟಿಯಲ್ಲೇ ಹೇಳಿಕೊಂಡಿರಿ. ಅರ್ಧ ಊಟಕ್ಕೇ ಎದ್ದು ಹೋದಿರಿ. ಬೆಳಗಾದರೆ ಈ ಸುತ್ತೋಲೆ.

ಮೇಡಂ, ಕಟ್ಟಿಬಿಟ್ಟಿದ್ದರೆ ನಾಚಿಕೆಯನ್ನು ಆಮೇಲೆ ಪಡೋಣ. ಮೊದಲು ಬ್ಯಾಂಕಿಗೆ ಫೋನ್ ಮಾಡಿ, ಪೊಲೀಸರಿಗೆ ದೂರು ಕೊಡಿ. ತಟ್ಟೆಯ ಮೇಲಿನ ನಿಷೇಧವನ್ನು ಇಂದೇ ತೆಗೆಯಿರಿ. ರಾತ್ರಿ ಊಟಕ್ಕೆ ಬಂದು ಬೆಂಚು ಹತ್ತಿ. ನಾವು ನಗುತ್ತೇವೆ, ಸುಳ್ಳು ಹೇಳುವುದಿಲ್ಲ. ನಕ್ಕಮೇಲೆ ಸರಿದು ಜಾಗ ಕೊಡುತ್ತೇವೆ. ಬೆಂಚು ಗಟ್ಟಿಯಾಗಿದೆ.

ಇಂತಿ,
ಒಂದೇ ನೀಲಿ ಕಾರಿನ ಮೂವರು ಒಡತಿಯರಲ್ಲಿ ಕಿರಿಯವಳು,
ಕಾಲೇಜಿಗೆ ನಡೆದೇ ಹೋಗುವವಳು. ಸಾರಿ.